ಹಳೇ ಚಪ್ಪಲಿಯಲ್ಲಿ ಹೊಸ ಅಚ್ಚು

ಉಂಗುಷ್ಠ ಕಿತ್ತುಹೋದ ಹವಾಯಿ ಚಪ್ಪಲಿ ಇಲ್ಲದ ಮನೆ ಯಾವುದು? ಒಂದೆರಡು ಸಲ ಪಿನ್ನು ಚುಚ್ಚಿ ಸರಿಮಾಡಿಕೊಂಡು, ಆಮೇಲೆ ಬಚ್ಚಲಮನೆಗೆ ಬಡ್ತಿ ಕೊಟ್ಟು, ಕೊನೆಗೊಂದು ದಿನ ತಿಪ್ಪೆಗೆ ಎಸೆಯುವುದು ಅದರ ಸಾಮಾನ್ಯ ಜಾತಕ. ಆದರೆ ಆ ಚಪ್ಪಲಿಯ ಅಟ್ಟೆಯಲ್ಲಿ ಏನಿಲ್ಲವೆಂದರೂ ಆರೇಳು ಅಚ್ಚುಗಳು ಅಡಗಿ ಕುಳಿತಿವೆ. ಎಲೆ, ಮೀನು, ನಕ್ಷತ್ರ, ಭತ್ತದ ತೆನೆ, ಮಗುವಿನ ಹೆಸರಿನ ಮೊದಲ ಅಕ್ಷರ. ಅವನ್ನು ಹೊರತೆಗೆಯಲು ಒಂದು ಕತ್ತರಿ, ಸ್ವಲ್ಪ ಬಣ್ಣ ಮತ್ತು ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಸಾಕು.

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯಂಥ ಊರಿನಲ್ಲಿ ಇದಕ್ಕೆ ಬೇಕಾದ ಸಾಮಾನು ಹುಡುಕಿಕೊಂಡು ಪೇಟೆಗೆ ಹೋಗಬೇಕಿಲ್ಲ. ಭದ್ರಾ ನಾಲೆಯ ನೀರುಣ್ಣುವ ನಾಡು ಅದು. ಊರೇ ಅಚ್ಚುಕಟ್ಟಿನಲ್ಲಿರುವಾಗ ಅಚ್ಚಿಗೇನು ಬರ! ಆದರೂ ಇಂಥ ಊರುಗಳಲ್ಲಿ ನಡೆಯುವುದೇ ಬೇರೆ. ಶಾಲೆಯಲ್ಲಿ 'ಶುಭಾಶಯ ಪತ್ರ ಮಾಡಿಕೊಂಡು ಬನ್ನಿ' ಎಂದೊಡನೆ ಅಪ್ಪ ದಾವಣಗೆರೆ ಬಸ್ಸು ಹತ್ತುತ್ತಾರೆ. ಬಣ್ಣದ ಕಾಗದ, ಮಿಂಚುಪುಡಿ, ಕತ್ತರಿಸಿಟ್ಟ ಹೂಗಳ ಪೊಟ್ಟಣ ಬರುತ್ತದೆ. ರಾತ್ರಿ ಹತ್ತರವರೆಗೆ ಅಮ್ಮ ಕೂತು ಅಂಟಿಸುತ್ತಾರೆ. ಮಗು ನಿದ್ದೆ ಹೋಗಿರುತ್ತದೆ. ಮರುದಿನ ಅದರ ಮೇಲೆ ಕೆಂಪು ಶಾಯಿಯಲ್ಲಿ 'ಗುಡ್' ಎಂದು ಬೀಳುತ್ತದೆ. ಆ 'ಗುಡ್' ಯಾರಿಗೆ ಸಲ್ಲಬೇಕು ಎಂಬುದನ್ನು ಮಗು ಚೆನ್ನಾಗಿಯೇ ಬಲ್ಲದು.

ಅಚ್ಚೊತ್ತುವುದು ನಮ್ಮವರಿಗೆ ಹೊಸತೇನೂ ಅಲ್ಲ. ಮಲೆನಾಡಿನ ಕಡೆ ದೀಪಾವಳಿಯ ಗೋಪೂಜೆಯ ದಿನ ಲೋಟ, ಸಿದ್ದೆಗಳ ಬಾಯನ್ನು ಕೆಮ್ಮಣ್ಣು, ಜೇಡಿಯ ನೀರಿನಲ್ಲಿ ಅದ್ದಿ ದನಕರುಗಳ ಮೈಮೇಲೆ ಉಂಗುರ ಉಂಗುರವಾಗಿ ಗುರುತು ಒತ್ತುವ ರೂಢಿಯಿದೆ. ಅದೂ ಅಚ್ಚೇ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಹೂ ಮೂಡಿಸಿದವರು, ಆಲೂಗೆಡ್ಡೆಯಲ್ಲಿ ನಕ್ಷತ್ರ ಕೆತ್ತಿದವರು ಈಗ ತಾಯಿತಂದೆಯರಾಗಿದ್ದಾರೆ. ತೋಟದ ಹಸಿ ಅಡಿಕೆಯನ್ನು ಹೋಳು ಮಾಡಿ ಒತ್ತಿ ನೋಡಿ, ಒಳಗಿನ ಕಂದು-ಬಿಳಿ ಗೆರೆಗಳ ಸುಳಿವು ಕಾಗದದ ಮೇಲೂ ಸಿಗಬಹುದು. ಆದರೆ ತರಕಾರಿ ಅಚ್ಚಿನ ಆಯುಸ್ಸು ಒಂದು ದಿನ. ಸಂಜೆಗೆ ಬಾಡುತ್ತದೆ, ಮರುದಿನ ನಾರುತ್ತದೆ. ಚಪ್ಪಲಿಯ ಅಚ್ಚು ವರ್ಷಗಟ್ಟಲೆ ಬಾಳುತ್ತದೆ.

ಎಲ್ಲ ಫೋಮೂ ಅಚ್ಚಿಗೆ ಒದಗುವುದಿಲ್ಲ. ಹವಾಯಿ ಚಪ್ಪಲಿಯ ಅಟ್ಟೆ, ಸ್ಟೇಷನರಿ ಅಂಗಡಿಯ ತೆಳು ಫೋಮ್ ಹಾಳೆ, ಮಕ್ಕಳು ನೆಲಕ್ಕೆ ಹಾಸಿಕೊಳ್ಳುವ ಅಕ್ಷರದ ಚಾಪೆ ಇವುಗಳೊಳಗಿನ ಗಾಳಿಯ ಗುಳ್ಳೆಗಳು ಸಣ್ಣವು, ಒಂದಕ್ಕೊಂದು ಬಾಯಿ ತೆರೆದುಕೊಂಡಿಲ್ಲ. ಆದ್ದರಿಂದ ಬಣ್ಣ ಮೇಲೆಯೇ ನಿಂತು ಕಾಗದಕ್ಕೆ ಇಳಿಯುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ಗುಳ್ಳೆಗಳು ಒಂದರೊಳಗೊಂದು ತೆರೆದಿರುತ್ತವೆ. ಅದು ಬಣ್ಣವನ್ನು ಕುಡಿದು, ಒತ್ತಿದಾಗ ಕಾರಿಬಿಡುತ್ತದೆ. ಮೋಡ, ಮರದ ಸೊಪ್ಪು ಮೂಡಿಸಲು ಅದು ಲಾಯಕ್ಕು, ಅಕ್ಷರಕ್ಕಲ್ಲ. ಟೀವಿ ಪೆಟ್ಟಿಗೆಯೊಳಗೆ ಬರುವ ಬಿಳಿಯ ಮೆತ್ತನೆ ಹಾಳೆಯ ಮೇಲೆ ಬಣ್ಣ ಹನಿಹನಿಯಾಗಿ ಜಾರುತ್ತದೆ. ಥರ್ಮೋಕೋಲ್ ಕತ್ತರಿಸಿದರೆ ಕಾಳುಕಾಳಾಗಿ ಉದುರುತ್ತದೆ. ಮೇಲಾಗಿ ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಅದರ ಗೊಡವೆಯೇ ಬೇಡ.

ಮೊದಲು ಚಪ್ಪಲಿಯನ್ನು ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿ. ಸವೆಯದ ಭಾಗ ಸಾಮಾನ್ಯವಾಗಿ ಅಟ್ಟೆಯ ನಡುವೆ ಸಿಗುತ್ತದೆ. ಮೇಲ್ಮೈಯ ಗೀರುಗಳನ್ನು ಉಪ್ಪುಕಾಗದದಿಂದ ಉಜ್ಜಿ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಚಪ್ಪಲಿಯ ಗೀರೇ ಕಾಗದದ ಮೇಲೆ ಮೂಡುತ್ತದೆ. (ಮೀನಿನ ಮೈಗೆ ಆ ಗೀರು ಚೆಂದವೇ. ಆಗ ಉಜ್ಜಬೇಡಿ.) ಹೊರಗೆರೆಯನ್ನು ಮಗು ಕತ್ತರಿಯಿಂದ ಕತ್ತರಿಸಲಿ. ಒಳಗಿನ ಗೀರುಗಳಿಗೆ ಬ್ಲೇಡು ಬೇಕಾದರೆ ಹಿರಿಯರ ಕೈಯಲ್ಲಿರಲಿ. ಪೆನ್ಸಿಲ್ ಕೆತ್ತುವ ಅರ್ಧ ಬ್ಲೇಡನ್ನು ಮಗುವಿನ ಕೈಗೆ ಕೊಡುವ ಧೈರ್ಯ ಯಾರೂ ಮಾಡಬಾರದು. ತೀರಾ ಚಿಕ್ಕವರಿಗೆ ತೆಳು ಫೋಮ್ ಹಾಳೆಯೇ ಒಳ್ಳೆಯದು. ಖಾಲಿಯಾದ ಬಾಲ್‌ಪೆನ್ನಿನ ಮೊನೆಯಿಂದ ಒತ್ತಿ ಚಿತ್ರ ಬರೆದರೆ ಗೆರೆ ತಗ್ಗಾಗಿ ಉಳಿಯುತ್ತದೆ. ಉಬ್ಬಿದ್ದು ಬಣ್ಣ, ತಗ್ಗಿದ್ದು ಬಿಳಿ, ಇಷ್ಟೇ ಇದರ ಗುಟ್ಟು.

ಕತ್ತರಿಸಿದ ತುಂಡಿಗೆ ಒಂದು ಹಿಡಿಕೆ ಬೇಕು. ಬಡಗಿಯ ಬಳಿ ಉಳಿದ ಮರದ ಚೂರು, ಬಾಟಲಿಯ ಮುಚ್ಚಳ, ಬೆಂಕಿಪೊಟ್ಟಣ ಯಾವುದಾದರೂ ಆದೀತು. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ಹಚ್ಚಿ ಅಂಟಿಸಿದರೆ ಗಟ್ಟಿಯಾಗಿ ಕೂರುತ್ತದೆ. ಅದರ ವಾಸನೆ ಮೂಗಿಗೆ ಒಳ್ಳೆಯದಲ್ಲ, ಆ ಕೆಲಸ ಜಗಲಿಯಲ್ಲಾಗಲಿ, ದೊಡ್ಡವರಿಂದಾಗಲಿ. ಅದೇ ಅಂಗಡಿಯಲ್ಲಿ ಹರಿದ ಟ್ಯೂಬಿನ ತುಂಡು ಕೇಳಿ ತನ್ನಿ. ಸಣ್ಣ ಅಕ್ಷರಗಳಿಗೆ ಅದು ಚಪ್ಪಲಿಗಿಂತ ಮೇಲು.

ಬಣ್ಣದಲ್ಲಿ ಅಚ್ಚನ್ನು ಅದ್ದಬೇಡಿ. ಪೋಸ್ಟರ್ ಬಣ್ಣವನ್ನು ನೀರು ಬೆರೆಸದೆ ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ತೆಳ್ಳಗೆ ಹಚ್ಚಿ. ಕಾಗದದಡಿ ನಾಲ್ಕು ಹಾಳೆ ಹಳೇ ಪತ್ರಿಕೆ ಇರಲಿ. ಒತ್ತಿ, ಅಲುಗಿಸದೆ ನೆಟ್ಟಗೆ ಎತ್ತಿ. ಮೊದಲ ಅಚ್ಚು ಬಹುಮಟ್ಟಿಗೆ ಕೆಡುತ್ತದೆ. ಎರಡನೆಯದು, ಮೂರನೆಯದು ಸರಿಹೋಗುತ್ತದೆ.

ಎಲ್ಲ ಮಕ್ಕಳೂ ಮೊದಲು ಮಾಡಬಯಸುವುದು ತಮ್ಮ ಹೆಸರನ್ನು. ಎಲ್ಲರೂ ಎಡವುವುದೂ ಅಲ್ಲಿಯೇ. "ಅಮ್ಮಾ, ನನ್ನ ಹೆಸರು ಉಲ್ಟಾ ಬಂತು!" ಎಂಬ ಕೂಗು ಕೇಳಿದಾಗ ತಾಯಂದಿರು 'ಮೊದಲೇ ಹೇಳಬಾರದಿತ್ತೇ' ಎಂದು ಮರುಗುವುದು ಬೇಡ. ಹೇಳದಿರುವುದೇ ಸರಿ. ಎಡ ಬಲವಾಗುವುದನ್ನು ತನ್ನ ಕಣ್ಣಿಂದ ಕಂಡ ಮಗು ಕನ್ನಡಿಯ ಮುಂದೆ ತಾನಾಗಿ ಹೋಗಿ ನಿಲ್ಲುತ್ತದೆ, ಅಂಚೆ ಕಚೇರಿಯ ಮೊಹರನ್ನು ತಿರುಗಿಸಿ ನೋಡಲು ಕೇಳುತ್ತದೆ. ಕನ್ನಡದ ಅಂಕಿಗಳಲ್ಲಿ ಯಾವುವು ತಿರುಗಿ ಬೀಳುತ್ತವೆ ಎಂಬುದನ್ನು ಅದೇ ಕಂಡುಹಿಡಿಯಲಿ. ಆಮೇಲೆ ಉಪಾಯ ಹೇಳಿಕೊಡಿ. ಮೆತ್ತನೆ ಪೆನ್ಸಿಲಿನಿಂದ ಕಾಗದದ ಮೇಲೆ ಹೆಸರು ದಟ್ಟವಾಗಿ ಬರೆದು, ಆ ಮುಖವನ್ನು ಫೋಮಿನ ಮೇಲೆ ಬೋರಲು ಹಾಕಿ, ಹಿಂಬದಿಯನ್ನು ಚಮಚದಿಂದ ಉಜ್ಜಿದರೆ ತಿರುಗುಮುರುಗಾದ ಹೆಸರು ಫೋಮಿಗೆ ತಾನೇ ಇಳಿಯುತ್ತದೆ. ಒತ್ತಿದಾಗ ನೇರವಾಗಿ ಬರುತ್ತದೆ.

ಇನ್ನು ಗಣಿತದ ಕಡೆಗೆ. ಒಂದು ಅಂಗುಲದ ಚೌಕ ಹಲಗೆಗೆ, ಅದೇ ಅಳತೆಯ ಫೋಮ್ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಒಂದು ತ್ರಿಕೋನವನ್ನು ಮಾತ್ರ ಅಂಟಿಸಿ. ಅಚ್ಚು ಒಂದೇ ಆದರೂ ಅದನ್ನು ಕಾಲು ಸುತ್ತು ತಿರುಗಿಸುತ್ತ ಹೋದರೆ ನಾಲ್ಕು ರೀತಿ ಒತ್ತಬಹುದು. ಎರಡು ಸಾಲು, ಸಾಲಿಗೆ ಎರಡರಂತೆ ನಾಲ್ಕು ಸಲ ಒತ್ತಿದರೆ ಎಷ್ಟು ವಿನ್ಯಾಸ? ನಾಲ್ಕನ್ನು ನಾಲ್ಕು ಸಲ ಗುಣಿಸಿ, 256! ಫ್ರಾನ್ಸಿನ ಪಾದ್ರಿ ಸೆಬಾಸ್ಟಿಯನ್ ತ್ರುಶೆ ಕರ್ಣದಲ್ಲಿ ಎರಡು ಬಣ್ಣವಾಗಿ ಹಂಚಿದ ಇಂಥ ಚೌಕ ಬಿಲ್ಲೆಗಳನ್ನು ಕಂಡು, ಅವುಗಳ ಜೋಡಣೆಯ ಬಗ್ಗೆ 1704ರಲ್ಲಿ ಒಂದು ಪ್ರಬಂಧವನ್ನೇ ಬರೆದ. ತ್ಯಾವಣಿಗೆಯ ಮಗುವಿಗೆ ಫ್ರಾನ್ಸಿನವರೆಗೆ ಹೋಗುವ ಅಗತ್ಯವಿಲ್ಲ. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ 16ನೇ ಶತಮಾನದ ಪುಷ್ಕರಣಿಯಿದೆ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಸುತ್ತ ನೀರಿಗಿಳಿಯುವ ಮೆಟ್ಟಿಲು, ನಡುವೆ ವಸಂತ ಮಂಟಪ. ಆ ಮೆಟ್ಟಿಲ ಸಾಲುಗಳನ್ನು ಈ ಒಂದೇ ತ್ರಿಕೋನದ ಅಚ್ಚಿನಿಂದ ಕಾಗದಕ್ಕೆ ಇಳಿಸಲು ಹೇಳಿ. ಒಂದು ಮಧ್ಯಾಹ್ನ ಸಾಲುವುದಿಲ್ಲ.

ತೆಳು ಫೋಮ್ ಹಾಳೆಗೆ ಇನ್ನೊಂದು ಗುಣವಿದೆ. ಮೇಲೊಂದು ಕಾಗದ ಮುಚ್ಚಿ, ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಸೆಕೆಂಡು ಇಟ್ಟರೆ ಮೆತ್ತಗಾಗುತ್ತದೆ. ಆ ಬಿಸಿಯಲ್ಲೇ ಗುಂಡಿಯ ಮೇಲೋ, ಲೇಸಿನ ಮೇಲೋ, ನರ ಉಬ್ಬಿದ ಎಲೆಯ ಬೆನ್ನಿನ ಮೇಲೋ ಬಲವಾಗಿ ಒತ್ತಿ ಹಿಡಿಯಿರಿ. ತಣಿದ ಮೇಲೆ ಅದರ ಪಡಿಯಚ್ಚು ಫೋಮಿನಲ್ಲಿ ನಿಂತಿರುತ್ತದೆ. ಇದು ಅಪ್ಪ-ಅಮ್ಮನ ಕೆಲಸ. ಸ್ಟೌವಿನ ಉರಿಗೆ ಮಾತ್ರ ಹಿಡಿಯಬೇಡಿ, ಹೊತ್ತಿಕೊಳ್ಳುತ್ತದೆ.

ಬಣ್ಣವಿಲ್ಲದ ದಿನ ಅಡಿಗೆಮನೆಯ ಅರಿಶಿನವಿದೆ. ಅರಿಶಿನದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಬಟ್ಟೆ ಸೋಪಿನ ಗಟ್ಟಿ ನೀರನ್ನು ಅಚ್ಚಿಗೆ ಸವರಿ ಒತ್ತಿದರೆ ಹಳದಿಯ ಮೇಲೆ ಕೆಂಪು ಚಿತ್ತಾರ ಏಳುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವ ಅಜ್ಜಿಗೆ ಇದೇನೂ ಬೆರಗಲ್ಲ. ಕ್ಷಾರ ತಾಗಿದಾಗ ಅರಿಶಿನದ ಬಣ್ಣ ಬದಲಾಗುತ್ತದೆ ಎಂಬ ಪಾಠವಷ್ಟೇ ಇದು. ಆ ಕೆಂಪಿನ ಮೇಲೆ ನಿಂಬೆರಸ ಸವರಿದ ಇನ್ನೊಂದು ಅಚ್ಚು ಒತ್ತಿದರೆ ಮತ್ತೆ ಹಳದಿ!

ಇಷ್ಟು ಕಲಿತ ಮೇಲೆ ಯುಗಾದಿಯ ಶುಭಾಶಯ ಪತ್ರ, ನೋಟ್‌ಬುಕ್ಕಿನ ರಟ್ಟು, ಪುಸ್ತಕದ ನಡುವಿನ ಗುರುತುಪಟ್ಟಿ, ತಂಗಿಯ ಹುಟ್ಟುಹಬ್ಬದ ಉಡುಗೊರೆಗೆ ಸುತ್ತುವ ಕಾಗದ ಎಲ್ಲವೂ ಮನೆಯಲ್ಲೇ ತಯಾರು. ಗೆರೆ ಸೊಟ್ಟಗಿರಬಹುದು, ಒಂದು ಮೂಲೆಯಲ್ಲಿ ಬಣ್ಣ ಕಲೆಸಿರಬಹುದು. ಅಮ್ಮ ಕೂತು ಅದನ್ನು ತಿದ್ದದಿದ್ದರೆ ಸರಿ.

ಕೆಲಸ ಮುಗಿದೊಡನೆ ಅಚ್ಚುಗಳನ್ನು ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸುರುಟಿಕೊಳ್ಳಬಹುದು. ಹಿಡಿಕೆಯ ಬೆನ್ನಿಗೆ ಮೇಲ್ಭಾಗ ಯಾವುದೆಂದು ಒಂದು ಬಾಣದ ಗುರುತು ಹಾಕಿ, ಹಳೇ ಮಿಠಾಯಿ ಡಬ್ಬಿಯಲ್ಲಿ ಮುಖ ಮೇಲಾಗಿ ಜೋಡಿಸಿಡಿ. ಎಡಗಾಲಿನ ಚಪ್ಪಲಿ ಮುಗಿದುಹೋಯಿತೆಂದು ಪೇಚಾಡಬೇಕಿಲ್ಲ, ಬಲಗಾಲಿನದು ಇನ್ನೂ ಹಿತ್ತಲಲ್ಲೇ ಇರುತ್ತದೆ.