ಉಳಿದ ವಿಷಯ ಮುಖತಾ

ನಮ್ಮ ತಂದೆಯವರು ಕಾಗದ ಬರೆಯುತ್ತಿದ್ದುದು ಕಾರ್ಡಿನಲ್ಲಿ. ಕ್ಷೇಮಸಮಾಚಾರದಿಂದ ಆರಂಭವಾಗಿ ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲವನ್ನೂ ಮುಗಿಸಿ, ಕೊನೆಗೆ ‘ಉಳಿದ ವಿಷಯ ಮುಖತಾ’ ಎಂದು ನಿಲ್ಲುತ್ತಿತ್ತು. ಹಾಸ್ಟೆಲಿನಲ್ಲಿದ್ದ ನಾನು ಅದನ್ನು ಬರಿಯ ಶಿಷ್ಟಾಚಾರವೆಂದೇ ಬಗೆದಿದ್ದೆ. 1879ರಲ್ಲಿ ಕಾಲಾಣೆಯ ಬೆಲೆಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಈ ಕಾರ್ಡು ಯಾರ ಗುಟ್ಟನ್ನೂ ಕಾಯಲಾರದು. ಅಂಚೆಯವನು ಓದುತ್ತಾನೆ, ಓದು ಬಾರದವರ ಮನೆಯಲ್ಲಿ ಅವನೇ ಓದಿ ಹೇಳುತ್ತಾನೆ. ನಮ್ಮ ಹಾಸ್ಟೆಲಿನ ಗುಮಾಸ್ತರಂತೂ ಕಾರ್ಡನ್ನು ನನ್ನ ಕೈಗಿಡುವಾಗಲೇ, “ಕರು ಹೆಣ್ಣಂತೆ, ಒಳ್ಳೆಯದಾಯಿತು” ಎನ್ನುತ್ತಿದ್ದರು! ಸಾಲದ ಸುದ್ದಿ, ಅಕ್ಕನ ಸಂಬಂಧ ಮುರಿದ ಸುದ್ದಿ ನನಗೆ ತಿಳಿದದ್ದು ರಜೆಗೆ ಊರಿಗೆ ಹೋದಾಗ, ಹಿತ್ತಿಲಿನ ಬಾವಿಕಟ್ಟೆಯ ಮೇಲೆ.

ಇಂಥ ತಂದೆಯವರು ಒಮ್ಮೆ ರಾತ್ರಿಯ ರೈಲಿನಲ್ಲಿ, ಹೆಸರನ್ನೂ ಕೇಳದ ಸಹಪ್ರಯಾಣಿಕರೊಬ್ಬರ ಮುಂದೆ ಆ ಸಾಲದ ಕಥೆಯನ್ನೆಲ್ಲ ತೋಡಿಕೊಂಡರು. ಮೇಲಿನ ಹಲಗೆಯಲ್ಲಿ ಮಲಗಿ ನಿದ್ರೆಯನ್ನು ನಟಿಸುತ್ತಿದ್ದ ನನಗೆ ಆಶ್ಚರ್ಯ. ತುಸು ಹೊಟ್ಟೆಕಿಚ್ಚೂ ಹೌದು. ಅಮ್ಮನಿಗೂ ಹೇಳದ ಮಾತುಗಳು ಅವು. ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ 1908ರಲ್ಲಿಯೇ ಇದನ್ನು ಗುರುತಿಸಿದ್ದಾನೆ: ಆಪ್ತರಿಂದಲೂ ಮುಚ್ಚಿಟ್ಟದ್ದನ್ನು ಜನ ಅಪರಿಚಿತನ ಮುಂದೆ ತೆರೆದಿಡುತ್ತಾರೆ. ಅರಸೀಕೆರೆಯಲ್ಲಿ ಇಳಿದುಹೋಗುವವರ ಬಾಯಿಂದ ಆ ಮಾತು ನಮ್ಮೂರ ಜಗಲಿಗೆ ಬರುವಂತಿಲ್ಲವಲ್ಲ! ಅಮೆರಿಕದ ಮನೋವಿಜ್ಞಾನಿ ಅರ್ವಿನ್ ಆಲ್ಟ್‌ಮನ್ 1975ರ ತಮ್ಮ ಗ್ರಂಥದಲ್ಲಿ, ಖಾಸಗಿತನವೆಂದರೆ ಎಲ್ಲರನ್ನೂ ಹೊರಗಿಡುವುದಲ್ಲ, ಸಮಯವರಿತು ನಮ್ಮನ್ನು ನಾವೇ ತೆರೆದು ಮುಚ್ಚಿಕೊಳ್ಳುವುದು ಎಂಬಂತೆ ವಿವರಿಸಿದರು. ತಂದೆಯವರು ಬಾಗಿಲನ್ನು ತೆರೆದದ್ದೂ ತಾವೇ, ಮುಚ್ಚಿದ್ದೂ ತಾವೇ.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ನಾಡಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂದು ತರಗತಿಯಲ್ಲಿ ಹೆಮ್ಮೆಯಿಂದ ಉಪನ್ಯಾಸ ಕೊಟ್ಟವನು ನಾನು.

ಅದೇ ನಾನು ಕೆಲವು ವರ್ಷಗಳ ಮೇಲೆ ಒಂದು ತಪ್ಪು ಮಾಡಿದೆ. ‘ನನ್ನ ಮನೆ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ತಾಯಿ ಮದುವೆಮನೆಗಳಲ್ಲಿ ಪಾತ್ರೆ ತೊಳೆದು ತರುವ ಅನ್ನವನ್ನೂ, ಅದಕ್ಕಾಗಿ ಎಚ್ಚರವಿದ್ದು ಕಾಯುವ ತಮ್ಮನನ್ನೂ ಹುಡುಗನೊಬ್ಬ ಬರೆದಿದ್ದ. ಅಂಥ ಗದ್ಯವನ್ನು ನಾನು ವಿದ್ಯಾರ್ಥಿಗಳಲ್ಲಿ ಕಂಡದ್ದು ಅಪರೂಪ. ಸಂತೋಷ ತಡೆಯಲಾರದೆ ತರಗತಿಗೆ ಓದಿಬಿಟ್ಟೆ. ಹೆಸರನ್ನೇನೋ ಹೇಳಲಿಲ್ಲ; ಆದರೆ ಬಗ್ಗಿದ ತಲೆ ಒಂದೇ ಇತ್ತು.

ಮುಂದಿನ ಬಾರಿ ಅವನು ‘ಗ್ರಂಥಾಲಯದ ಉಪಯೋಗಗಳು’ ಎಂದು ಬರೆದು ತಂದ. ತಪ್ಪು ಹುಡುಕಿದರೂ ಸಿಕ್ಕದಂಥ, ಸತ್ತ ಬರಹ. ಕೆಳಗೆ ಕ್ಷಮೆಯ ಒಂದು ಮಾತು ಬರೆಯಹೊರಟೆ. ಪುಸ್ತಕಗಳನ್ನು ಹಂಚುವವನು ಬೇರೊಬ್ಬ ಹುಡುಗನೆಂಬುದು ನೆನಪಾಗಿ ಲೇಖನಿಯನ್ನು ಮುಚ್ಚಿಟ್ಟೆ. ಮರುದಿನ ಕಾಲೇಜಿನ ಮೆಟ್ಟಿಲ ಬಳಿ ಅವನನ್ನು ಕಂಡು ಮುಖತಾ ಹೇಳಿದೆ.

“ಇರಲಿ ಬಿಡಿ, ಸಾರ್” ಎಂದ.

ಅನಂತರ ಒಂದೂವರೆ ವರ್ಷ ಅವನು ನನ್ನ ತರಗತಿಯಲ್ಲಿದ್ದ. ಅವನ ಪ್ರಬಂಧಗಳಲ್ಲಿ ಮತ್ತೆ ಅವನ ಮನೆ ಬರಲಿಲ್ಲ.