ಹಿಮದ ರಸ್ತೆಯಲ್ಲಿ ಓಡುವುದು ಸುಲಭ, ನಿಲ್ಲುವುದು ಕಷ್ಟ

ಡಿಸೆಂಬರ್ ಬಂತೆಂದರೆ ಮನಾಲಿ ಕಡೆಯಿಂದ ಒಂದೇ ಬಗೆಯ ವಿಡಿಯೊಗಳು ಮೊಬೈಲಿಗೆ ಬಂದು ಬೀಳತೊಡಗುತ್ತವೆ. ಸೋಲಂಗ್ ಕಣಿವೆಯಿಂದ ಅಟಲ್ ಸುರಂಗಕ್ಕೆ ಏರುವ ರಸ್ತೆ. ಇಳಿಜಾರಿನಲ್ಲಿ ದಷ್ಟಪುಷ್ಟವಾದ ಎಸ್‌ಯುವಿಯೊಂದು ಚಕ್ರ ತಿರುಗದೆಯೇ ಅಡ್ಡಡ್ಡ ಜಾರಿಕೊಂಡು ಬರುತ್ತಿರುತ್ತದೆ, ಸುತ್ತಲಿದ್ದವರು ಕೂಗಾಡುತ್ತಿರುತ್ತಾರೆ. ಎಷ್ಟೋ ಸಲ ಆ ಗಾಡಿ ಫೋರ್ ಬೈ ಫೋರ್ ಆಗಿರುತ್ತದೆ. ‘ಅಂಥ ಗಾಡಿಗೇ ಹೀಗಾದರೆ ನಮ್ಮ ಸಣ್ಣ ಕಾರಿನ ಗತಿ ಏನು?’ ಎಂದು ನೋಡಿದವರು ಹೌಹಾರುತ್ತಾರೆ. ಇಳಿಜಾರಿನಲ್ಲಿ ಜಾರುವ ಹೊತ್ತಿಗೆ ಎರಡರ ಗತಿಯೂ ಹೆಚ್ಚುಕಡಿಮೆ ಒಂದೇ.

ಫೋರ್ ಬೈ ಫೋರ್ ಮಾಡುವುದು ಒಂದೇ ಕೆಲಸ: ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ನಿಂತ ಗಾಡಿ ಹೊರಡಲು, ಏರು ಹತ್ತಲು ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬ್ರೇಕಿನ ಮಾತು ಬಂದರೆ, ಹಳೆಯ ಮಾರುತಿ 800ಕ್ಕೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಇದೆ. ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ರಸ್ತೆಗೆ ತಾಗಿರುವ, ಅಂಗೈಯಷ್ಟಗಲದ ನಾಲ್ಕು ರಬ್ಬರ್ ತುಂಡುಗಳು. ಇನ್ನೊಂದು ತೊಡಕೂ ಇದೆ. ಸಾಮಾನ್ಯ ಕಾರಿನ ಚಕ್ರ ಹೊರಡುವಾಗಲೇ ಗಿರ್ರನೆ ತಿರುಗಿ ‘ರಸ್ತೆ ಜಾರುತ್ತಿದೆ’ ಎಂದು ಎಚ್ಚರಿಸುತ್ತದೆ. ಫೋರ್ ಬೈ ಫೋರ್ ಆ ಎಚ್ಚರಿಕೆಯನ್ನೇ ನುಂಗಿಕೊಂಡು ಸಲೀಸಾಗಿ ಹೊರಡುತ್ತದೆ. ಚಾಲಕನಿಗೆ ರಸ್ತೆಯ ನಿಜ ಗೊತ್ತಾಗುವುದು ಮೊದಲ ಸಲ ಬ್ರೇಕ್ ಒತ್ತಿದಾಗ.

ಹಿಮ ಬಿದ್ದ ದಿನ ಮನಾಲಿಯಲ್ಲಿ ಫೋರ್ ಬೈ ಫೋರ್ ಅಥವಾ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಗಳನ್ನಷ್ಟೇ ಪೊಲೀಸರು ಮೇಲಕ್ಕೆ ಬಿಡುವುದುಂಟು. ಗಾಡಿಗಳು ಹೂತುಹೋಗಿ ದಾರಿ ಕಟ್ಟಿಹೋಗಬಾರದು ಎಂಬುದು ಆ ನಿಯಮದ ಉದ್ದೇಶ. ಪ್ರವಾಸಿಗರು ಅದನ್ನು ಸುರಕ್ಷತೆಯ ಸರ್ಟಿಫಿಕೇಟ್ ಎಂದು ಓದಿಕೊಳ್ಳುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಸಿಕ್ಕಿಬಿದ್ದು, ಪೊಲೀಸರು ರಾತ್ರಿಯೆಲ್ಲ ಜನರನ್ನು ಇಳಿಸಿ ತರಬೇಕಾಯಿತು.

ಇದೇ ನಂಬಿಕೆ ಟೊರೊಂಟೊ, ಮಿನಿಯಾಪೊಲಿಸ್‌ಗಳಿಗೆ ಹೊಸದಾಗಿ ಹೋಗುವ ನಮ್ಮವರ ಜೊತೆಗೂ ವಿಮಾನ ಹತ್ತುತ್ತದೆ. ಆಲ್ ವೀಲ್ ಡ್ರೈವ್ ಕಾರಿಗೆ ಸಾವಿರಾರು ಡಾಲರ್ ಹೆಚ್ಚು ಕೊಡಲು ತಯಾರಿರುವವರು ‘ಟೈರ್ ಹೊಸದಾಗಿಯೇ ಇದೆಯಲ್ಲ’ ಎಂದು ವಿಂಟರ್ ಟೈರನ್ನು ಮುಂದೂಡುತ್ತಾರೆ. ಹೊಸದೋ ಹಳೆಯದೋ ಎಂಬುದಲ್ಲ ಇಲ್ಲಿನ ಪ್ರಶ್ನೆ, ರಬ್ಬರ್ ಎಂಥದ್ದು ಎಂಬುದು. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡಸಾಗುತ್ತಾ ಹೋಗಿ ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಕಚ್ಚಿಹಿಡಿಯಲಾರದೆ ಸೋಲುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಮೈಮೇಲೆ ಹಿಮವನ್ನು ಹಿಡಿಯುವ ನೂರಾರು ಸಣ್ಣ ಸೀಳುಗಳಿರುತ್ತವೆ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಇದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಟೈರ್. ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳನ್ನಾದರೋ ಕಂಪನಿ ಅಂಥ ಪರೀಕ್ಷೆಯಿಲ್ಲದೆಯೇ ಅಚ್ಚು ಹಾಕಿಕೊಳ್ಳಬಹುದು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಆ ಅಕ್ಷರಗಳಷ್ಟೇ ಸಾಲದು, ಬೆಟ್ಟದ ಗುರುತೇ ಬೇಕು. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ.

ಇನ್ನು ಎರಡೇ ಟೈರ್ ಕೊಂಡು ಎಂಜಿನ್ ಎಳೆಯುವ ಮುಂದಿನ ಚಕ್ರಕ್ಕೆ ಹಾಕಿಸುವ ಉಳಿತಾಯ. ಮುಂಭಾಗ ರಸ್ತೆಯನ್ನು ಹಿಡಿಯುತ್ತದೆ, ಹಿಂಭಾಗ ತಿರುವಿನಲ್ಲಿ ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕೂ ಇರಲಿ.

ಟೈರಿನ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬುದು ಮರಳುಗಾಡಿನ ಉಪಾಯ. ಟಾರು ರಸ್ತೆಯ ಮೇಲಿನ ಮಂಜುಗಡ್ಡೆಗೆ ಅದು ಒಗ್ಗದು. ಹಾಗೆ ನೋಡಿದರೆ ತಾಪಮಾನ ಐದೂವರೆ ಡಿಗ್ರಿಯಷ್ಟು ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ತಾನಾಗಿಯೇ ಕುಸಿಯುತ್ತದೆ. ಚಳಿಯಲ್ಲಿ ಗಾಳಿ ತುಂಬಿಸಬೇಕೇ ಹೊರತು ತೆಗೆಯಬಾರದು.

ಹಿಮವೇ ಕಾಣದಿದ್ದರೆ ರಸ್ತೆ ಸುರಕ್ಷಿತ ಎನ್ನುವವರು 2021ರ ಫೆಬ್ರುವರಿ 11ರ ಬೆಳಗನ್ನು ನೆನೆಯಬೇಕು. ಬೇಸಿಗೆಯಲ್ಲಿ ಸುಡುವ ಟೆಕ್ಸಸ್ ರಾಜ್ಯದ ಫೋರ್ಟ್‌ವರ್ತ್ ಊರು, ಹೆದ್ದಾರಿಯ ಟೋಲ್ ಲೇನುಗಳು. ಸಣ್ಣ ಮಳೆಹನಿ ಬಿದ್ದಲ್ಲೇ ಗಡ್ಡೆಗಟ್ಟಿತ್ತು. ಒಂದರ ಹಿಂದೊಂದು ಬಂದ 130ಕ್ಕೂ ಹೆಚ್ಚು ವಾಹನಗಳು ನಿಲ್ಲಲಾರದೆ ಗುದ್ದಿಕೊಂಡು ರಾಶಿಯಾದವು, ಆರು ಮಂದಿ ಸತ್ತರು. ಗಡ್ಡೆ ಕಟ್ಟದಿರಲೆಂದು ಅಲ್ಲಿಗೆ ಉಪ್ಪುನೀರು ಸಿಂಪಡಿಸಿಯೂ ಆಗಿತ್ತು, ಆದರೆ ಅದು ಸುಮಾರು ಎರಡು ದಿನ ಹಿಂದೆ. ರಸ್ತೆಯ ಎತ್ತರಿಸಿದ ಭಾಗ ಗಡ್ಡೆಗಟ್ಟುತ್ತಿರುವುದನ್ನು ಗುರುತಿಸಿ ಮತ್ತೆ ಉಪಚರಿಸುವ ವ್ಯವಸ್ಥೆ ಸೋತಿತ್ತು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆಯಲ್ಲಿ ಹೇಳಿತು.

ಸೇತುವೆ, ಫ್ಲೈಓವರ್‌ಗಳಲ್ಲೇ ಮೊದಲು ಗಡ್ಡೆ ಕಟ್ಟಲು ಕಾರಣವಿದೆ. ನೆಲದ ಮೇಲಿನ ರಸ್ತೆಗೆ ಕೆಳಗಿನ ಮಣ್ಣಿನ ಬಿಸುಪಿರುತ್ತದೆ, ಸೇತುವೆಗೆ ಮೇಲೂ ಕೆಳಗೂ ತಣ್ಣನೆ ಗಾಳಿ. ಇಂಥಲ್ಲಿ ಕಟ್ಟುವ ಗಡ್ಡೆಯನ್ನು ಬ್ಲ್ಯಾಕ್ ಐಸ್ ಎನ್ನುತ್ತಾರಾದರೂ ಅದು ಕಪ್ಪಲ್ಲ, ಪಾರದರ್ಶಕ. ಕೆಳಗಿನ ಟಾರು ಹಾಗೇ ಕಾಣುವುದರಿಂದ ರಸ್ತೆ ಬರೀ ತೇವವಾಗಿದೆ ಅನ್ನಿಸುತ್ತದೆ. ಕಾರಿನ ತಾಪಮಾಪಕ 2 ಡಿಗ್ರಿ ತೋರಿಸುತ್ತಿದ್ದರೂ ನಂಬಿ ಕೂರುವಂತಿಲ್ಲ. ಅದು ಅಳೆಯುವುದು ಗಾಳಿಯನ್ನು. ಮೋಡವಿಲ್ಲದ ರಾತ್ರಿ ರಸ್ತೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗಿರುತ್ತದೆ.

ಚಳಿ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು ಎಂಬ ಲೆಕ್ಕವೂ ತಲೆಕೆಳಗು. ಮೈನಸ್ 20ರ ಒಣ ಗಡ್ಡೆಗಿಂತ ಸೊನ್ನೆಯ ಆಸುಪಾಸಿನ ಗಡ್ಡೆ ಟೈರಿಗೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದರ ಮೇಲೆ ನೀರಿನ ತೆಳು ಪದರ ನಿಂತಿರುತ್ತದೆ. ಉಪ್ಪಿನದು ಇದಕ್ಕೆ ಉಲ್ಟಾ ಕಥೆ. ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿಯವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿಂದ ಕೆಳಗೆ ಅದರ ಶಕ್ತಿ ಕುಂದಿ, ಮೈನಸ್ 21ರ ಹೊತ್ತಿಗೆ ಪೂರ್ತಿ ಕೈಚೆಲ್ಲುತ್ತದೆ. ಅಷ್ಟು ಚಳಿಯ ಊರುಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ, ಇಲ್ಲವೇ ಹಿಡಿತಕ್ಕೆಂದು ಮರಳು ಎರಚುತ್ತಾರೆ.

ಹಳೆಯ ಚಾಲಕರು ಕಲಿಸಿಕೊಟ್ಟ ‘ಬ್ರೇಕನ್ನು ಬಿಟ್ಟುಬಿಟ್ಟು ಒತ್ತು’ ಎಂಬ ಪಾಠ ಅವರ ಕಾಲಕ್ಕೆ ಸರಿಯಾಗಿತ್ತು. ಈಗಿನ ಕಾರುಗಳಲ್ಲಿ ಎಬಿಎಸ್ ಅದೇ ಕೆಲಸವನ್ನು ಸೆಕೆಂಡಿಗೆ ಹಲವು ಸಲ ಮಾಡುತ್ತದೆ. ತುರ್ತಿನಲ್ಲಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅದು ಕಾಲಡಿ ಗರಗರ ನಡುಗಿದರೆ ಹೆದರಿ ಕಾಲೆತ್ತಬಾರದು. ಹಾಗೆಂದು ಎಬಿಎಸ್ ಇದ್ದರೆ ಬೇಗ ನಿಲ್ಲುತ್ತದೆ ಎಂದುಕೊಳ್ಳುವುದು ಇನ್ನೊಂದು ಭ್ರಮೆ. ಸಡಿಲ ಹಿಮದಲ್ಲಿ ನಿಲ್ಲುವ ದೂರ ಸ್ವಲ್ಪ ಹೆಚ್ಚಲೂಬಹುದು. ಬ್ರೇಕ್ ಒತ್ತಿರುವಾಗಲೂ ಸ್ಟೀರಿಂಗ್ ಮಾತು ಕೇಳುವಂತೆ ಮಾಡುವುದು ಎಬಿಎಸ್‌ನ ಲಾಭ. ಮಂಜುಗಡ್ಡೆಯ ಮೇಲೆ ನಿಲ್ಲುವ ದೂರ ಒಣ ರಸ್ತೆಯದರ ಹತ್ತು ಪಟ್ಟಾಗಬಹುದು ಎಂದು ಬ್ರಿಟನ್ನಿನ ಹೈವೇ ಕೋಡ್ ಚಾಲಕರನ್ನು ಎಚ್ಚರಿಸುತ್ತದೆ. ಮುಂದಿನ ಗಾಡಿಯ ಹಿಂದೆ ಬೆಂಗಳೂರಿನ ಅಂತರ ಇಟ್ಟುಕೊಂಡವರಿಗೆ ಯಾವ ಎಬಿಎಸ್ಸೂ ಆಗಿಬರದು.

ಬೆಳಿಗ್ಗೆ ಹತ್ತು ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ ಬಿಸಿ ಮಾಡುವ ಅಭ್ಯಾಸ ಕಾರ್ಬ್ಯುರೇಟರ್ ಕಾಲದ್ದು. ಫ್ಯೂಯಲ್ ಇಂಜೆಕ್ಷನ್ ಎಂಜಿನ್ನಿಗೆ ಅರ್ಧ ನಿಮಿಷ ಸಾಕು, ಆಮೇಲೆ ನಿಧಾನವಾಗಿ ಓಡಿಸಿದರೆ ಅದು ಬೇಗ ಬಿಸಿಯಾಗುತ್ತದೆ. ಗಾಜಿನ ಮೇಲಿನ ಹಿಮ ತೆಗೆಯುವಷ್ಟು ಹೊತ್ತು ಓಡಲಿ, ತಪ್ಪಿಲ್ಲ. ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಸೀಳುತ್ತದೆ.

ಕರ್ನಾಟಕದಿಂದ ಸ್ವಂತ ಗಾಡಿಯಲ್ಲೇ ಹಿಮಾಲಯಕ್ಕೆ ಹೊರಡುವವರು ಬಾನೆಟ್ ತೆರೆದು ನೋಡಬೇಕಾದ ಸಂಗತಿ ಬೇರೆಯೇ ಇದೆ. ನಮ್ಮಲ್ಲಿ ರೇಡಿಯೇಟರಿಗೆ ಬರೀ ನೀರು ಹಾಕಿಯೂ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಸೊನ್ನೆಯ ಕೆಳಗೆ ಆ ನೀರು ಗಡ್ಡೆಗಟ್ಟಿ ಹಿಗ್ಗಿದರೆ ರೇಡಿಯೇಟರ್ ಒಡೆಯುತ್ತದೆ, ಎಂಜಿನ್ ಬ್ಲಾಕೇ ಬಿರುಕು ಬಿಡಬಹುದು. ಸರಿಯಾದ ಪ್ರಮಾಣದ ಕೂಲಂಟ್ ಹಾಕಿಸಿಯೇ ಹೊರಡಬೇಕು. ಡೀಸೆಲ್ ಗಾಡಿ ಎಂಥ ಚಳಿಗೂ ಗಟ್ಟಿ ಎಂಬ ಮಾತೂ ಲಡಾಖ್‌ನಲ್ಲಿ ನಿಲ್ಲುವುದಿಲ್ಲ. ಬಯಲುಸೀಮೆಯ ಡೀಸೆಲ್ ಅಲ್ಲಿನ ಚಳಿಗೆ ಮೇಣಗಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ಲಾರಿ ಚಾಲಕರು ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸುವ ದುಸ್ಸಾಹಸಕ್ಕೆ ಇಳಿಯುತ್ತಿದ್ದುದು ಇದಕ್ಕೇ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿಯು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಲಡಾಖ್‌ಗೆಂದೇ ತಂದಿತು. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಹೆಪ್ಪುಗಟ್ಟಿ ಬಿಡದೇ ಹೋಗಬಹುದು. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಲೇಸು.

ಕೊನೆಯ ನಂಬಿಕೆ ಎಲ್ಲಕ್ಕಿಂತ ಘೋರವಾದದ್ದು: ಸಿಕ್ಕಿಬಿದ್ದರೆ ಗಾಜು ಮುಚ್ಚಿ ಹೀಟರ್ ಹಾಕಿಕೊಂಡು ಮಲಗಿದರಾಯಿತು ಎಂಬುದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದಲ್ಲಿ ಹಿಮ ನೋಡಲು ಹೋದವರ ಕಾರುಗಳು ರಾತ್ರಿಯ ಹಿಮಪಾತದಲ್ಲಿ ಹೂತುಹೋದವು. ಮಕ್ಕಳೂ ಸೇರಿ 20ಕ್ಕೂ ಹೆಚ್ಚು ಮಂದಿ ಕಾರುಗಳಲ್ಲೇ ಸತ್ತಿದ್ದರು. ಹಲವರನ್ನು ಕೊಂದದ್ದು ಚಳಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ಶಂಕೆ ಅಂದೇ ವ್ಯಕ್ತವಾಯಿತು. ಹಿಮ ಸೈಲೆನ್ಸರ್ ಕೊಳವೆಯನ್ನು ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ಕಾರಿನೊಳಕ್ಕೇ ತಿರುಗುತ್ತದೆ.

ಹಾಗಾಗಿ ಹಿಮದ ಊರಿಗೆ ಹೋಗುವವರು ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ, ಕಂಬಳಿ, ನೀರು, ಟಾರ್ಚ್ ಇಟ್ಟುಕೊಳ್ಳಿ. ಸಿಕ್ಕಿಬಿದ್ದರೆ ಕಾರು ಬಿಟ್ಟು ಹಿಮಪಾತದಲ್ಲಿ ನಡೆಯುತ್ತಾ ಹೊರಡಬೇಡಿ. ಮೊದಲು ಕೊಳವೆಯ ಸುತ್ತಲಿನ ಹಿಮ ಬಿಡಿಸಿ, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬಡಿಯದ ಬದಿಯ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಿ. ಮತ್ತೆ ಎಂಜಿನ್ ಹಾಕುವ ಮುನ್ನ ಪ್ರತಿ ಸಲವೂ ಇಳಿದು ಹೋಗಿ ಕೊಳವೆ ನೋಡಿ ಬನ್ನಿ.