ಹಂಡೆ ಒಲೆ: ಕಡಿಮೆ ಸೌದೆಯಲ್ಲಿ ಬೇಗ ಬಿಸಿನೀರು



ಬೆಳಗಿನ ಜಾವ ಆತಗೂರು ಹೋಬಳಿಯ ಊರುಗಳಲ್ಲಿ ನಡೆದು ಹೋದರೆ ಮೊದಲು ಕಾಣುವುದು ಬಚ್ಚಲು ಮನೆಯ ಹೊಗೆ. ಅಡಿಗೆಗೆ ಗ್ಯಾಸ್ ಬಂದ ಅನೇಕ ಮನೆಗಳಲ್ಲೂ ಸ್ನಾನದ ನೀರು ಕಾಯುವುದು ಹಂಡೆಯಲ್ಲೇ. ಅಡಿಗೆ ಒಲೆಯ ಸುಧಾರಣೆಯ ವಿಷಯವಾಗಿ ಬೇಕಾದಷ್ಟು ಮಾತು ನಡೆದಿದೆ. ಹಂಡೆ ಒಲೆಯನ್ನು ಮಾತ್ರ ಕೇಳುವವರಿಲ್ಲ. ಮೂರು ಕಲ್ಲಿನ ಮೇಲೆ ಹಂಡೆ ಕೂರಿಸಿ ಸುತ್ತ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕಿದರೆ ಆಯಿತು ಎಂದು ಬಿಟ್ಟುಬಿಡುತ್ತೇವೆ. ಮನೆಯ ಸೌದೆಯನ್ನು ಸದ್ದಿಲ್ಲದೆ ನುಂಗುವುದು ಇದೇ ಒಲೆ.

ಸ್ವಲ್ಪ ಲೆಕ್ಕ ಹಾಕೋಣ. 1 ಲೀಟರು ನೀರಿನ ಬಿಸಿಯನ್ನು 1 ಡಿಗ್ರಿ ಏರಿಸಲು 1 ಕಿಲೋ ಕ್ಯಾಲೊರಿ ಶಾಖ ಬೇಕು. ಹಂಡೆಯಲ್ಲಿ 60 ಲೀಟರು ನೀರಿದೆ, ಅದನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸುತ್ತೀರಿ ಎಂದು ಇಟ್ಟುಕೊಳ್ಳಿ. ಅಷ್ಟೇ ತಣ್ಣೀರು ಬೆರೆಸಿದರೆ ಐದು ಜನರ ಸ್ನಾನಕ್ಕೆ ಹಿತವಾದ ನೀರಾಗುತ್ತದೆ. ಇದಕ್ಕೆ ಬೇಕಾದ ಶಾಖ 2,400 ಕಿಲೋ ಕ್ಯಾಲೊರಿ. ಚೆನ್ನಾಗಿ ಒಣಗಿದ ಸೌದೆ 1 ಕಿಲೋ ಉರಿದರೆ ಸುಮಾರು 3,500 ಕಿಲೋ ಕ್ಯಾಲೊರಿ ಬರುತ್ತದೆ. ಎಂದರೆ, ಶಾಖವೆಲ್ಲ ನೀರಿಗೇ ಸೇರಿದರೆ ಮುಕ್ಕಾಲು ಕಿಲೋ ಸೌದೆ ಸಾಕು! ಯಾವ ಒಲೆಯಲ್ಲೂ ಹಾಗಾಗುವುದಿಲ್ಲ, ನಿಜ. ಆದರೆ ಹತ್ತು ಪಾಲು ಶಾಖದಲ್ಲಿ ಒಂದೇ ಪಾಲು ನೀರಿಗೆ ಸೇರುವ ಒಲೆಗೆ ಏಳು ಕಿಲೋ ಸೌದೆ ಬೇಕು. ಮೂರು ಪಾಲು ಸೇರುವಂತೆ ಮಾಡಿದರೆ ಎರಡೂಕಾಲು ಕಿಲೋ ಸಾಕು. ದಿನಕ್ಕೆ ಇಷ್ಟು ಉಳಿದರೆ ವರ್ಷಕ್ಕೆ ಎಷ್ಟು ಗಾಡಿ ಸೌದೆ, ಎಷ್ಟು ಹೊರೆ ತಲೆಯ ಮೇಲಿಂದ ಇಳಿಯಿತು, ನೀವೇ ಎಣಿಸಿ.

ಉಳಿದ ಶಾಖ ಎಲ್ಲಿ ಹೋಯಿತು? ಒಲೆಯ ಬಾಯಿಂದ ಹೊರಗೆ ಹೋಯಿತು, ಹಂಡೆಯ ಪಕ್ಕದಲ್ಲಿ ಹಾರಿ ಸೂರು ಸೇರಿತು, ಅರೆ ಉರಿದ ಹೊಗೆಯಾಗಿ ಮನೆಯವರ ಕಣ್ಣಿಗೆ ಹೋಯಿತು.

ನಮ್ಮ ಆಲೆಮನೆಯ ಒಲೆಯನ್ನು ನೋಡಿ. ಒಂದು ಕಡೆ ಉರಿ ಹಾಕುವ ಬಾಯಿ, ಇನ್ನೊಂದು ಕಡೆ ಹೊಗೆಗೂಡು. ಬಿಸಿಗಾಳಿ ಕೊಪ್ಪರಿಗೆಯ ತಳವನ್ನು ಸವರಿಕೊಂಡೇ ಹೊರಗೆ ಹೋಗಬೇಕು. ಬೇರೆ ದಾರಿಯಿಲ್ಲ. ಬೆಲ್ಲ ಕಾಯಿಸುವಾಗ ಇರುವ ಈ ಜಾಣತನ ಬಚ್ಚಲಿಗೆ ಬಂದಾಗ ಏಕೆ ಮರೆತುಹೋಗುತ್ತದೋ ಕಾಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಹಳ್ಳಿಯ ಒಲೆಗಳನ್ನು ಅಳೆದು ತೂಗಿ ‘ಅಸ್ತ್ರ ಒಲೆ’ಯನ್ನು ರೂಪಿಸಿದ್ದೂ ಇದೇ ತತ್ವದ ಮೇಲೆ: ಉರಿಗೆ ಬೇಕಾದಷ್ಟೇ ಗಾಳಿ ಕೊಡುವುದು, ಬಿಸಿಗಾಳಿ ಪಾತ್ರೆಗೆ ತಗುಲಿಯೇ ಹೋಗುವಂತೆ ಮಾಡುವುದು.

ಹಂಡೆಗೆ ಇದನ್ನು ಹೀಗೆ ಹೊಂದಿಸಬಹುದು. ಸೌದೆ ನೆಲದ ಮೇಲೆ ಬೇಡ. ಕಬ್ಬಿಣದ ಸರಳುಗಳನ್ನು ಜೋಡಿಸಿ ಅದರ ಮೇಲೆ ಉರಿಸಿ; ಗಾಳಿ ಕೆಳಗಿನಿಂದ ಬರಲಿ, ಬೂದಿ ಕೆಳಗೆ ಬೀಳಲಿ. ಸರಳಿನಿಂದ ಹಂಡೆಯ ತಳಕ್ಕೆ ಸುಮಾರು ಒಂದು ಗೇಣು ಅಂತರವಿರಲಿ. ಇಟ್ಟಿಗೆ ಮತ್ತು ಮಣ್ಣಿನ ಗೋಡೆಯನ್ನು ಹಂಡೆಯ ಹೊಟ್ಟೆಯ ಸುತ್ತಲೂ ಏರಿಸಿ, ಗೋಡೆಗೂ ಹಂಡೆಗೂ ನಡುವೆ ಒಂದು ಅಂಗುಲ ಸಂದು ಬಿಡಿ. ಕತ್ತಿನ ಬಳಿ ಸಂದನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚಬೇಕು. ಒಲೆಯ ಬಾಯಿಗೆ ಎದುರು ಭಾಗದಲ್ಲಿ, ಕತ್ತಿನ ಕೆಳಗೆ, ನಾಲ್ಕು ಅಂಗುಲದ ಕೊಳವೆಯನ್ನು ಕೂಡಿಸಿ ಸೂರಿನಿಂದ ಮೇಲಕ್ಕೆ ಒಯ್ಯಿರಿ. ಸೋಗೆ, ಹುಲ್ಲು ಅದರ ಹತ್ತಿರ ಇರಬಾರದು. ಬಾಯಿಗೆ ಒಂದು ತಗಡಿನ ಮುಚ್ಚಳ ಮಾಡಿಸಿ. ಉರಿ ಹಿಡಿದ ಮೇಲೆ ಮುಕ್ಕಾಲು ಮುಚ್ಚಿದರೆ ಶಾಖ ಒಳಗೇ ನಿಲ್ಲುತ್ತದೆ.

ಸಂದಿನ ವಿಷಯದಲ್ಲಿ ನಾನೇ ಎಡವಿದ್ದುಂಟು. ಸಂದು ಕಿರಿದಾದಷ್ಟೂ ಒಳ್ಳೆಯದೆಂದು ಎಣಿಸಿ ನಮ್ಮ ಮನೆಯ ಒಲೆಗೆ ಅರ್ಧ ಬೆರಳಿನಷ್ಟೇ ಬಿಟ್ಟೆ. ನಾಲ್ಕು ದಿನದಲ್ಲಿ ಮಸಿ ಕಟ್ಟಿ ದಾರಿ ಮುಚ್ಚಿತು, ಹೊಗೆಯೆಲ್ಲ ಬಚ್ಚಲೊಳಕ್ಕೆ ತಿರುಗಿತು. ನಮ್ಮವ್ವ ಕೆಮ್ಮುತ್ತಾ ಹೊರಗೆ ಬಂದು, “ನಿನ್ ಓದ್ನೆಲ್ಲ ತಂದು ಈ ಒಲೆಗೇ ಆಕಪ್ಪ” ಎಂದಳು. ಒಡೆದು ಮತ್ತೆ ಕಟ್ಟಿದೆ. ಆದುದರಿಂದ ಒಂದು ಅಂಗುಲಕ್ಕೆ ಕಡಿಮೆ ಮಾಡಬೇಡಿ, ಹೆಚ್ಚೂ ಬೇಡ.

ಇದು ನಗೆಯ ಮಾತಲ್ಲ. ಹೊಗೆ ಕಟ್ಟಿದ, ಕದ ಹಾಕಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತು, ವಾಕರಿಕೆ ಬಂದು ಮನುಷ್ಯ ಅಲ್ಲೇ ಕುಸಿದು ಸಾಯಲೂಬಹುದು. ಕೆಂಡ ನಿಗಿನಿಗಿ ಇದ್ದು ಹೊಗೆ ಕಾಣದಿದ್ದರೂ ಈ ಅಪಾಯ ಉಂಟು. ಬಾಣಂತಿಗೂ ಕೂಸಿಗೂ ನೀರೆರೆಯುವ ಮನೆಗಳಲ್ಲಿ ಕಿಟಕಿಯನ್ನು ಬಟ್ಟೆಯಿಂದ ಮುಚ್ಚುವ ರೂಢಿಯಿದೆ. ಒಲೆ ಒಳಗೇ ಇದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಗ್ಯಾಸ್ ಗೀಸರಿಗೂ ಇದೇ ಮಾತು. ಸಾಧ್ಯವಾದರೆ ಒಲೆಯ ಬಾಯಿ ಗೋಡೆಯ ಹೊರಗೆ ಬರುವಂತೆ ಕಟ್ಟಿಸಿ.

ಇನ್ನು ಉರುವಲು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗುವಷ್ಟು ಹೊತ್ತು ಉರಿಯ ಕಾವು ಇಳಿದು ಹೊಗೆ ಏಳುತ್ತದೆ. ಸೀಳಿದ ಸೌದೆಯನ್ನು ಮಳೆ ಬೀಳದ ಕಡೆ ಎರಡು ಮೂರು ತಿಂಗಳು ಒಣಗಿಸಿ. ನಮ್ಮಲ್ಲಿ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಕರಟ ಇವಕ್ಕೆ ಕೊರತೆಯಿಲ್ಲ. ಸಣ್ಣ ಉರುವಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಕಬ್ಬಿನ ತರಗು ಹೊಲದಲ್ಲೇ ಕೊಳೆತು ಗೊಬ್ಬರವಾಗಲಿ. ಉರಿ ಹತ್ತಿಸಲು ಪ್ಲಾಸ್ಟಿಕ್ ಚೀಲ ಸುಡುವ ಅಭ್ಯಾಸವಂತೂ ನಿಲ್ಲಲೇಬೇಕು.

ತಾಮ್ರದ ಹಂಡೆ ಬೇಗ ಕಾಯುತ್ತದೆ ಎಂಬುದು ಸುಳ್ಳಲ್ಲ, ಆದರೆ ಹೊರಗೆ ದಪ್ಪ ಮಸಿ, ಒಳಗೆ ಕೊಳವೆ ಬಾವಿಯ ಗಡಸು ನೀರಿನ ಸುಣ್ಣ ಕಟ್ಟಿದ್ದರೆ ತಾಮ್ರದ ಗುಣವೆಲ್ಲ ವ್ಯರ್ಥ. ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗುತ್ತೀರಲ್ಲ, ಅಂದು ಒಳಗಿನ ಸುಣ್ಣವನ್ನೂ ಉಜ್ಜಿ ತೆಗೆಯಿರಿ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ಕೆಡವಿ.

ಹಂಡೆಯ ಬಾಯಿಗೆ ಮುಚ್ಚಳ ಬೇಕೇ ಬೇಕು. 1 ಲೀಟರು ನೀರು ಆವಿಯಾಗಿ ಹೋದರೆ 540 ಕಿಲೋ ಕ್ಯಾಲೊರಿ ಶಾಖ ಹೋದಂತೆ. ಅಷ್ಟರಲ್ಲಿ 13 ಲೀಟರು ಸ್ನಾನದ ನೀರು ಕಾಯುತ್ತಿತ್ತು. ನೀರು ಕುದಿಯುವ ತನಕ ಉರಿಸುವುದೂ ದಂಡ; ಬಿಸಿ ಏರಿದಷ್ಟೂ ನಷ್ಟ ಹೆಚ್ಚು, ಮಕ್ಕಳು ಸುಟ್ಟುಕೊಳ್ಳುವ ಭಯ ಬೇರೆ. ಮೊದಲನೆಯವರು ನೀರು ತೆಗೆದುಕೊಂಡ ಕೂಡಲೇ ಅಷ್ಟು ತಣ್ಣೀರು ಹಾಕಿಬಿಡಿ; ಉಳಿದ ಕೆಂಡವೇ ಅದನ್ನು ಕಾಯಿಸುತ್ತದೆ, ಹಂಡೆ ಬರಿದಾಗಿ ಸುಡುವುದೂ ತಪ್ಪುತ್ತದೆ.

ಕೈಯಲ್ಲಿ ಹಣವಿದ್ದವರು ಸೂರ್ಯಶಾಖದ ಹೀಟರ್ ಹಾಕಿಸುವುದು ಉತ್ತಮ. ಮೋಡದ ದಿನಗಳಿಗೆ ಹಂಡೆ ಇರಲಿ. ಕರೆಂಟಿನಲ್ಲಾದರೆ ಮೇಲೆ ಹೇಳಿದ 60 ಲೀಟರಿಗೆ ಸುಮಾರು 3 ಯೂನಿಟ್ ಹಿಡಿಯುತ್ತದೆ.

ಹಳೆಯ ಒಲೆ ಒಡೆಯುವ ಮೊದಲು ಮೂರು ದಿನ ಸೌದೆಯನ್ನು ತೂಗಿ ಬರೆದಿಡಿ. ಹೊಸದನ್ನು ಕಟ್ಟಿದ ಮೇಲೆ ಮಣ್ಣು ಒಂದು ವಾರ ನೆರಳಲ್ಲೇ ಆರಲಿ, ಮೊದಲ ದಿನ ಸಣ್ಣ ಉರಿ ಹಾಕಿ. ಬಿರುಕು ಬಿಟ್ಟರೆ ಸಗಣಿ ಮಣ್ಣು ಕಲಸಿ ಮೆತ್ತಿ, ಆಮೇಲೆ ಮತ್ತೆ ಮೂರು ದಿನ ತೂಗಿ ನೋಡಿ.